ಮೂರನೆಯ ಪ್ಲಗ್ಗಿನ ವಾಯರು

ಸಲಗರೆಯ ಹಾಲಿನ ಸೊಸೈಟಿಯ ಪಿಕಪ್ ಗಾಡಿ ಮಿರಜದ ಆಸ್ಪತ್ರೆಯ ಗೇಟಿನ ಮುಂದೆಯೇ ಕೆಮ್ಮತೊಡಗಿತು. ಡ್ರೈವರ್ ಜಟ್ಟೆಪ್ಪ ಹಣೆ ಚಚ್ಚಿಕೊಂಡ. ಹಾಲಿನ ಕ್ಯಾನುಗಳನ್ನು ಡೇರಿಯಲ್ಲಿ ಇಳಿಸಿ, ಮಗಳು ತಂಗೆವ್ವನನ್ನೂ ಅವಳ ಹಸುಗೂಸನ್ನೂ ಊರಿಗೆ ಕರೆದೊಯ್ಯಲು ಬಂದಿದ್ದ. ಹೊಟ್ಟೆ ಕೊಯ್ದು ತೆಗೆದ ಕೂಸು. ಹೊಲಿಗೆ ಇನ್ನೂ ಹಸಿ. ಬಸ್ಸಿನ ನೂಕುನುಗ್ಗಲು ಬೇಡ, ತನ್ನ ಗಾಡಿಯಲ್ಲೇ ಹೂವಿನಂತೆ ಒಯ್ಯುತ್ತೇನೆಂದು ಹೆಂಡತಿ ಸೀತವ್ವನಿಗೆ ಮಾತು ಕೊಟ್ಟಿದ್ದ.

ಗಾಡಿಯೋ, ಹಗ್ಗ ಜಗ್ಗುವ ಮೊಂಡ ಎಮ್ಮೆಯಂತೆ ಜಗ್ಗಿ ಜಗ್ಗಿ ನಿಂತಿತು. ಒಳಗಿನಿಂದ ಟಿಕ್ ಟಿಕ್ ಸದ್ದು ಬೇರೆ.

ಬಾನೆಟ್ ಎತ್ತಿದ್ದೇ ತಡ, ಮಂದಿ ಕೂಡಿತು. ಚಹಾದಂಗಡಿಯ ತವನಪ್ಪ ಕಪ್ಪು-ಬಸಿ ಹಿಡಿದುಕೊಂಡೇ ಬಂದ.

“ಇದು ಎಂಜಿನ್ ಒಳಗಿನ ಟ್ಯಾಪೆಟ್ ಸಪ್ಪಳ. ಪೂರಾ ಎಂಜಿನ್ ಬಿಚ್ಚಬೇಕು.”

“ಬಿಚ್ಚಾಕ ಅದೇನು ನಿನ್ನ ಸ್ಟೋವ್ ಏನೋ?” ಎಂದಳು ಬಾಳೆಹಣ್ಣು ಮಾರುವ ಅಂಜನಾಬಾಯಿ. “ಪೆಟ್ರೋಲಿನ್ಯಾಗ ನೀರು ಕೂಡೇತಿ. ಜಟ್ಟೆಪ್ಪಾ, ಟಾಕಿ ಖಾಲಿ ಮಾಡು.”

ಮತ್ತೊಬ್ಬ ಟಾಯರಿಗೆ ಎರಡು ಸಲ ಒದ್ದು, ತಲೆಯಾಡಿಸಿ ಹೋಗಿಬಿಟ್ಟ.

ಪೆಟ್ರೋಲು ಬಕೆಟ್ಟಿಗೆ ಇಳಿಯಿತು. ನೀರಿನ ಹನಿಯೂ ಸಿಗಲಿಲ್ಲ. ಆಗ ಪಕ್ಕದಲ್ಲೇ ಉರಿಯುತ್ತಿದ್ದ ತವನಪ್ಪನ ಒಲೆ ನೆನಪಾಗಿ, ಸಲಹೆ ಕೊಟ್ಟವರೆಲ್ಲ ದಿಕ್ಕಾಪಾಲಾಗಿ ಓಡಿದರು.

ಪೆಟ್ರೋಲನ್ನು ತಿರುಗಿ ತುಂಬಿದ ಜಟ್ಟೆಪ್ಪನಿಗೆ ಈಗ ಒಂದಿಷ್ಟು ನೆಮ್ಮದಿ. ಎಂಜಿನ್ ಚಾಲೂ ಇಟ್ಟು, ಕೈಗೆ ರಬ್ಬರಿನ ತುಂಡು ಸುತ್ತಿಕೊಂಡು, ಪ್ಲಗ್ಗಿನ ವಾಯರುಗಳನ್ನು ಒಂದೊಂದಾಗಿ ಕಿತ್ತು ನೋಡಿದ. ಮೊದಲನೆಯದನ್ನು ಕಿತ್ತಾಗ ಎಂಜಿನ್ ಇನ್ನಷ್ಟು ನಡುಗಿತು. ಎರಡನೆಯದಕ್ಕೂ ಹಾಗೇ. ಮೂರನೆಯದನ್ನು ಕಿತ್ತರೆ ಏನೂ ವ್ಯತ್ಯಾಸವಾಗಲಿಲ್ಲ. ಕೆಲಸ ಬಿಟ್ಟು ಕೂತದ್ದು ಅದೇ! ಬಗ್ಗಿ ನೋಡಿದ. ವಾಯರಿನ ಮೈ ಬಿರಿದು, ಪ್ಲಗ್ಗಿಗೆ ಹೋಗಬೇಕಾದ ಕಿಡಿ ಪಕ್ಕದ ಕಬ್ಬಿಣಕ್ಕೆ ಹಾರುತ್ತಿತ್ತು. ಟಿಕ್ ಟಿಕ್ ಅನ್ನುತ್ತಿದ್ದದ್ದೂ ಅದೇ ಕಿಡಿ. ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿ ಬಿಗಿದ. ಗಾಡಿ ಹಾಲು ಕುಡಿದ ಬೆಕ್ಕಿನಂತೆ ಗುರುಗುಟ್ಟಿತು.

“ಇದು ನಮ್ಮ ಸೊಸೈಟಿ ಗಾಡಿನೇ ಏನೋ?”

ಜಟ್ಟೆಪ್ಪ ತಿರುಗಿದ. ಚೇರ್ಮನ್ ಶಾಂತಿನಾಥ! ಬೀಗರನ್ನು ನೋಡಲು ಆಸ್ಪತ್ರೆಗೆ ಬಂದವರು ಆಗಲೇ ಬಾಗಿಲು ತೆಗೆದು ಕೂತಿದ್ದರು.

“ನಡಿ ಸಾಂಗ್ಲಿಗೆ. ಮೀಟಿಂಗ್ ಐತಿ.”

“ಸಾಹೇಬ್ರ, ಮಗಳು, ಕೂಸು...”

“ಸಂಜೀಕ ತಿರುಗಿ ಬಂದು ಕರಕೊಂಡು ಹೋಗೂಣು. ಅಲ್ಲೀತನಕ ಕುಂದರ್ಲಿ.”

ಗೇಟಿನ ಬಳಿ ಕೂಸನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ ಮಗಳು ಕಣ್ಣಿಂದ ಮರೆಯಾಗುವವರೆಗೂ ಜಟ್ಟೆಪ್ಪ ಕನ್ನಡಿಯಲ್ಲಿ ನೋಡುತ್ತಿದ್ದ. ಸ್ವಲ್ಪ ದೂರ ಹೋದಮೇಲೆ, “ಎಂಜಿನ್ನಿಗೆ ನೀರು ಹಾಕ್ತೇನ್ರಿ,” ಎಂದು ಇಳಿದು, ಮೂರನೆಯ ವಾಯರನ್ನು ಮೆಲ್ಲಗೆ ಸಡಿಲಿಸಿದ.

ಗಾಡಿ ಎಗರೆಗರಿ ಓಡಿತು. ಚೇರ್ಮನ್‌ರ ಟೋಪಿ ಹಾರಿ ಕಾಲ ಬಳಿ ಬಿತ್ತು.

“ನಿಲ್ಸೋ! ನಿಲ್ಸೋ!”

“ಇದು ಸಾಂಗ್ಲೀತನಕ ಮುಟ್ಟೂದಿಲ್ರಿ ಸಾಹೇಬ್ರ. ನೀವು ಬಸ್ಸಿಗೆ ಹೋಗ್ರಿ,” ಎಂದ ಜಟ್ಟೆಪ್ಪ, ಆದಷ್ಟು ದುಃಖದಿಂದ.

ಅಷ್ಟರಲ್ಲಿ ಎದುರಿನಿಂದ ಪರಿಚಯದವರ ಜೀಪು ಬಂತು. ಚೇರ್ಮನ್‌ರು ಕೈ ಮಾಡಿ ನಿಲ್ಲಿಸಿದರು. ಜಟ್ಟೆಪ್ಪನ ಭುಜದ ಮೇಲೆ ಕೈಯಿಟ್ಟರು, ದನಿ ಮೆತ್ತಗಾಗಿತ್ತು.

“ಜಟ್ಟೆಪ್ಪಾ, ನಂದು ತಪ್ಪಾತು. ಹಸಿ ಬಾಣಂತೀನ ಹಾದಿ ಕಾಯಾಕ ಹಚ್ಚಿ ಹೊಂಟಿದ್ದೆ. ಮೀಟಿಂಗ್ ಹೋಗ್ಲಿ. ನಿನ್ನ ಮಗಳನ್ನ ಜೀಪಿನ್ಯಾಗ ನಾನೇ ಊರಿಗೆ ಮುಟ್ಟಸ್ತೇನಿ.”

“ಬ್ಯಾಡ್ರಿ! ಈಗ ಸರಿ ಮಾಡಿಬಿಡ್ತೇನ್ರಿ!”

“ಈ ಗಾಡಿ ಇನ್ನ ಮುಟ್ಟಬ್ಯಾಡ. ನಿನ್ನ ಜೀವಾನೂ ನಮಗ ಬೇಕಲ್ಲ?” ಚೇರ್ಮನ್‌ರು ಚಾವಿ ಕಿತ್ತು ಜೇಬಿಗಿಳಿಸಿದರು. “ಟ್ರ್ಯಾಕ್ಟರ್ ಕಳಸ್ತೇನಿ.”

ವಾಯರು ಸಡಿಲಿಸಿದ್ದು ನಾನೇ ಎಂದು ಹೇಳಲು ಜಟ್ಟೆಪ್ಪ ಬಾಯಿ ತೆರೆದ. ನೌಕರಿ ನೆನಪಾಗಿ ಮುಚ್ಚಿದ.

ಹೊತ್ತು ಇಳಿಯುವಾಗ, ಏನೂ ಕೆಡದ ಆ ಗಾಡಿಯನ್ನು ಟ್ರ್ಯಾಕ್ಟರು ಸರಪಳಿ ಕಟ್ಟಿ ಸಲಗರೆಯೊಳಗೆ ಎಳೆದು ತಂದಿತು. ಊರವರೆಲ್ಲ ಕಟ್ಟೆಯ ಮೇಲೆ ಎದ್ದು ನಿಂತು ನೋಡಿದರು. ಜಟ್ಟೆಪ್ಪ ನೆಟ್ಟಗೆ ಕೂತು ಸ್ಟೇರಿಂಗ್ ತಿರುಗಿಸುತ್ತಿದ್ದ.

ಬಾಗಿಲಲ್ಲೇ ಸೀತವ್ವ ಕಾದಿದ್ದಳು.

“ದೇವರಂಥ ಮನಶ್ಯಾರಿ ಆ ಚೇರ್ಮನ್‌ರು! ಕೂಸು ಎಚ್ಚರ ಆಗದಂಗ ತಂದು ಮುಟ್ಟಿಸಿದ್ರು. ಎಂಜಿನ್ ಪೂರಾ ಬಿಚ್ಚಸ್ತಾರಂತ, ಅಲ್ಲೀತನಕ ಹಾಲಿನ ಕ್ಯಾನು ಸೈಕಲ್ ಮ್ಯಾಲ ಒಯ್ಯಬೇಕಂತ ನೀವು.”