ಹುಂಜದ ಬಾಲ, ಲುಬೇಗನ ಬೈಕು

ಲುಬೇಗ ತನ್ನ ಹೆಣ್ಣು ಕೇಳುವ ಶಾಸ್ತ್ರಕ್ಕೆ ತಾನೇ ಬೈಕು ಹೊಡೆದುಕೊಂಡು ಹೋಗಬೇಕಾಯಿತು. ಬಾಡಿಗೆ ವ್ಯಾನಿನಲ್ಲಿ ಹದಿನಾಲ್ಕು ಸೀಟು, ನೆಂಟರು ಇಪ್ಪತ್ತೆರಡು. ಮದುಮಗನೇ ಹೊರಗುಳಿದ. ಬಿಳಿ ಕಾಂಜು ನಿಲುವಂಗಿಯ ಮೇಲೆ ಎರವಲು ಕೋಟು ತೊಟ್ಟು ಮನೆಗೆ ಬೀಗ ಹಾಕುತ್ತಿದ್ದಾಗ ತಬುಲ ಚಿಕ್ಕಪ್ಪನ ಫೋನು ಬಂತು.

"ಹುಂಜ ಎಲ್ಲೋ?"

ಹುಂಜ ಹಿತ್ತಲಲ್ಲಿ ಕಟ್ಟಿದಲ್ಲೇ ಇತ್ತು. ಬಾಳೆಗೊನೆ, ಸಕ್ಕರೆ ಮೂಟೆ, ಅತ್ತೆಯ ಉಡುಪು ಎಲ್ಲ ವ್ಯಾನು ಹತ್ತಿದ್ದವು. ಹೆಣ್ಣಿನ ಅಣ್ಣನಿಗೆ ಕೊಡುವ ಹುಂಜವೊಂದೇ ಮರೆತುಹೋಗಿತ್ತು. ಆ ಹುಂಜವನ್ನು ಅಣ್ಣ ಕೈಯಾರೆ ತೆಗೆದುಕೊಳ್ಳದಿದ್ದರೆ ಯಾರು ಏನು ಹೊತ್ತು ತಂದರೂ ಹೆಣ್ಣು ಕೊಡುವುದಿಲ್ಲ. ಎರಡು ಗಂಟೆಗೆ ಹೆಣ್ಣಿನ ಮನೆಯ ಗೇಟು ಬೇರೆ ಮುಚ್ಚುತ್ತಾರೆ. ತಾನು ಮೆಚ್ಚಿದ ಹುಡುಗಿ ನಲ್ವೋಗಳ ಅಪ್ಪನನ್ನು ಒಪ್ಪಿಸಲು ಲುಬೇಗನಿಗೆ ಮೂರು ವರ್ಷ ಹಿಡಿದಿತ್ತು. ಅವನು ಹುಂಜವನ್ನು ಬುಟ್ಟಿಗೆ ತುಂಬಿ ಹ್ಯಾಂಡಲಿಗೆ ಕಟ್ಟಿದ.

ಬೈಕಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಲುಬೇಗ ಅದರ ನಾಲ್ಕನೇ ಯಜಮಾನ. ಮೊದಲನೆಯವನು ಸೈಡ್ ಸ್ಟ್ಯಾಂಡಿನ ಜಾಗದಲ್ಲಿ ಸೌಟು ಬೆಸೆದಿದ್ದ. ಎರಡನೆಯವನು ವೈರುಗಳನ್ನು ಅದಲುಬದಲು ಮಾಡಿದ್ದ. ಬ್ರೇಕ್ ಒತ್ತಿದರೆ ಹಾರನ್ ಕೂಗುತ್ತಿತ್ತು, ಹಾರನ್ ಒತ್ತಿದರೆ ಏನೂ ಆಗುತ್ತಿರಲಿಲ್ಲ. ಮೂರನೆಯವನು ಅಲುಗಾಡುವುದನ್ನೆಲ್ಲ ಮೀನುಬಲೆ ಹೆಣೆಯುವ ಹಸಿರು ನೈಲಾನ್ ದಾರದಲ್ಲಿ ಬಿಗಿದಿದ್ದ. ಆ ಗಂಟು ಬಿಚ್ಚುವವನು ಲುಬೇಗನ ಊರು ವೊಬುಲೆಂಜಿಯಲ್ಲಿ ಇನ್ನೂ ಹುಟ್ಟಿರಲಿಲ್ಲ. ಸಂತೆಯ ದಳ್ಳಾಳಿಯಿಂದ ಕೊಂಡದ್ದರಿಂದ ಈ ಮೂವರ ಮುಖವನ್ನೂ ಲುಬೇಗ ಕಂಡವನಲ್ಲ. ಬೈಕಿಗೆ 'ಮಾರಾಟಕ್ಕಿದೆ' ಎಂಬ ಹಲಗೆ ತೂಗುಹಾಕಿ ಎರಡು ವರ್ಷವಾಗಿತ್ತು. ಕೊಳ್ಳುವವರು ಬರಲಿಲ್ಲ, ಹಲಗೆಯನ್ನು ಮಾತ್ರ ಯಾರೋ ಕದ್ದುಕೊಂಡು ಹೋದರು.

ಹೆಣ್ಣಿನ ಮನೆಗೆ ಹೋಗುವ ಬಮುನಾನಿಕ ರಸ್ತೆಯ ಅರ್ಧದಲ್ಲಿ, ಚಪಾತಿ ಅಂಗಡಿಯೊಂದರ ಮುಂದೆ, ಬೈಕು ಮುದುಕ ಕೆಮ್ಮಿದಂತೆ ಎರಡು ಸಲ ಕೆಮ್ಮಿ ನಿಂತಿತು.

ಸಲಹೆ ಕೊಡುವವರಿಗೆ ಬರವಿರಲಿಲ್ಲ. ಚಪಾತಿಯವನು ಪ್ಲಗ್ಗು ಬಿಚ್ಚಿ ಹಿಟ್ಟಿನ ಕೈಯಲ್ಲೇ ಒರೆಸಿಕೊಟ್ಟ. ಹಲಸಿನಹಣ್ಣು ಮಾರುವ ಹೆಂಗಸು, ತನ್ನ ಗಂಡನೂ ಹೀಗೇ ಬೆಳಿಗ್ಗೆ ಏಳುವುದಿಲ್ಲ, ಪಕ್ಕೆಗೆ ಒದ್ದರೆ ಸರಿಹೋಗುತ್ತಾನೆ ಎಂದು ಒದ್ದು ತೋರಿಸಿದಳು. ಸೌಟು ಕಳಚಿಬಿತ್ತು. ನಿವೃತ್ತ ಮೇಷ್ಟ್ರೊಬ್ಬರು ಇದನ್ನೆಲ್ಲ ತಪ್ಪೆಂದು ಸಾಧಿಸಿ, ಪೆಟ್ರೋಲ್ ಪೈಪನ್ನು ಬಾಯಿಂದ ಊದಹೋಗಿ ಒಂದು ಗುಟುಕು ಕುಡಿದರು. ಅವರನ್ನು ನೆರಳಲ್ಲಿ ಕೂರಿಸಿ ನೀರು ಕುಡಿಸುವಷ್ಟರಲ್ಲಿ ಒಂದೂಕಾಲಾಯಿತು. ಲುಬೇಗನ ಕಾಂಜು ಗ್ಯಾರೇಜಿನ ಮಸಿಬಟ್ಟೆಯಂತಾಗಿತ್ತು.

ಆಗ ಬಸ್ಸಿನಿಂದ ಕೈಚೀಲ ಹಿಡಿದ ಉದ್ದನೆಯ ಮನುಷ್ಯನೊಬ್ಬ ಇಳಿದ. ಚಪಾತಿ ಕೊಳ್ಳಲು ಬಂದವನು ಬೈಕನ್ನು ಕಂಡು ಹಾಗೇ ನಿಂತ. ಕಾಂಜು ನೋಡಿದ, ಹುಂಜ ನೋಡಿದ, ಯಾರ ಮನೆಗೆ ಎಂದು ಕೇಳಿದ. ಲುಬೇಗ ಹೇಳಿದ.

"ಆ ಮನೆ ಅಣ್ಣ ತುಂಬಾ ಕಿರಿಕಿರಿ ಮನುಷ್ಯನಂತೆ," ಎಂದ ಆತ, ಕುಕ್ಕರಗಾಲಲ್ಲಿ ಕೂರುತ್ತ.

"ನಾನು ನೋಡಿಲ್ಲಣ್ಣ. ಎಲ್ಲೋ ದ್ವೀಪದಲ್ಲಿ ಮೀನು ಹಿಡೀತಾನಂತೆ. ಹುಂಜ ಕೈಗಿಟ್ಟರೆ ಬಾಯಿ ಮುಚ್ಕೋತಾನೆ ಬಿಡು. ನನಗೆ ಬೇಕಾಗಿರೋನು ಈ ದಾರ ಸುತ್ತಿದೋನು. ಕೈಗೆ ಸಿಕ್ಕಿದ್ರೆ ಇದೇ ದಾರದಲ್ಲಿ ಅವನನ್ನ ಸುತ್ತಿ ಸರೋವರಕ್ಕೆ ಎಸೀತಿದ್ದೆ."

"ನ್ಯಾಯವಾದ ಮಾತು," ಎಂದು ಆತ ಹಸಿರು ದಾರದ ತುದಿ ಹಿಡಿದು ಒಂದು ಸಲ ಎಳೆದ. ಗಂಟು ಜಡೆಯಂತೆ ಬಿಚ್ಚಿಕೊಂಡಿತು. ಕಾರ್ಬೊರೇಟರ್ ಕೈಗೆ ಬಂತು. ಒಳಗೆ ಪೆಟ್ರೋಲ್ ಹರಿಯುವ ಸಣ್ಣ ತೂತು, ಜೆಟ್, ಕೆಸರು ತುಂಬಿ ಮುಚ್ಚಿಹೋಗಿತ್ತು.

"ಒಂದು ಗರಿ ಕೊಡು ತಮ್ಮ."

ಲುಬೇಗ ಹುಂಜದ ಬಾಲದಿಂದ ಒಂದು ಗರಿ ಕಿತ್ತುಕೊಟ್ಟ. ಅದು ಮುರಿಯಿತು. ಎರಡನೆಯದು ದಪ್ಪವಾಯಿತು. ಮೂರನೆಯದು ಒಳ್ಳೆಯ ಕೆಲಸ ಮಾಡಿತು, ಆದರೆ ಕೆಸರು ಇನ್ನೂ ಇತ್ತು. ಪ್ರತಿ ಗರಿಗೂ ಹುಂಜ ಊರು ಕೇಳುವಂತೆ ಅರಚಿತು. ಕೊನೆಗೆ ಬೈಕು ಒಂದೇ ಕಿಕ್ಕಿಗೆ ಗುಡುಗಿದಾಗ ಹುಂಜದ ಹಿಂಭಾಗ ಮೇಷ್ಟ್ರ ತಲೆಯಂತೆ ನುಣ್ಣಗಾಗಿತ್ತು. ಕಿತ್ತದ್ದರಲ್ಲಿ ಮುರಿಯದೆ ಉಳಿದ ಒಂದೇ ಗರಿಯನ್ನು ಒರೆಸಿ ಅಂಗಿಯ ಜೇಬಿಗಿಟ್ಟುಕೊಂಡ ಆತ, ಬಾರಣ್ಣ ಎಂದು ಲುಬೇಗ ಕರೆದರೂ ಬೈಕು ಹತ್ತಲಿಲ್ಲ. ತನಗೆ ಇದರ ಮೇಲೆ ಕೂತು ಅಭ್ಯಾಸವಿದೆ, ಅದಕ್ಕೇ ಬೇಡ ಎಂದು ಹಿಂದೆ ಬಂದ ಬೇರೊಂದು ವ್ಯಾನಿಗೆ ಕೈ ಅಡ್ಡ ಹಾಕಿದ. ಆ ಮಾತಿನ ಅರ್ಥ ಯೋಚಿಸುವಷ್ಟು ಪುರುಸೊತ್ತು ಲುಬೇಗನಿಗಿರಲಿಲ್ಲ.

ಎರಡಕ್ಕೆ ಎರಡೇ ನಿಮಿಷವಿದ್ದಾಗ ಅವನು ಹಾರನ್ ಕೂಗಿಸಿಕೊಂಡೇ ಬ್ರೇಕ್ ಹಾಕಿ ಗೇಟಿನೊಳಗೆ ನಿಂತ. ತಬುಲ ಚಿಕ್ಕಪ್ಪ ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿ, ಇನ್ನು ಏನೇ ಆದರೂ ತುಟಿ ಬಿಚ್ಚಬೇಡ ಎಂದು ಎಚ್ಚರಿಸಿ ಕೂರಿಸಿದರು. ಹೇಳುವ ಅಗತ್ಯವಿರಲಿಲ್ಲ. ಅಲ್ಲಿ ಮದುಮಗ ಮಾತಾಡುವಂತಿಲ್ಲ. ಅವನ ಪರವಾಗಿ ಆಡುವ ಮಾತೆಲ್ಲ ಚಿಕ್ಕಪ್ಪನದೇ.

ಹೆಣ್ಣಿನ ಅಣ್ಣ ಕಿಗುಂಡುವನ್ನು ಕರೆದರು. ಮಡಿಸಿದ ಗೆರೆಯೂ ಮಾಸದ ಕಾಂಜು ತೊಟ್ಟು ಒಳಗಿನಿಂದ ಬಂದವನು ಬಸ್ಸಿನಿಂದ ಇಳಿದ ಅದೇ ಉದ್ದನೆಯ ಮನುಷ್ಯ.

ದಾರಿಯಲ್ಲಿ ಆಡಿದ ಮಾತೆಲ್ಲ ನೆನಪಾಗಿ ಲುಬೇಗ ಚಿಕ್ಕಪ್ಪನ ಬೆನ್ನ ಹಿಂದಕ್ಕೆ ಸರಿದ.

ಕಿಗುಂಡು ಹುಂಜವನ್ನು ಎತ್ತಿ, ತಿರುಗಿಸಿ, ಅದರ ಹಿಂಭಾಗವನ್ನು ಎರಡೂ ಕಡೆಯ ಹಿರಿಯರಿಗೆ ಸಾವಧಾನವಾಗಿ ತೋರಿಸಿದ. "ಇದರ ಬಾಲ ಎಲ್ಲಿ?"

ಬಾಲ ಎಲ್ಲಿದೆಯೆಂದು ಬಲ್ಲವರು ಇಬ್ಬರು. ಒಬ್ಬ ಕೇಳುತ್ತಿದ್ದ, ಇನ್ನೊಬ್ಬ ಬಾಯಿ ಬಿಡುವಂತಿರಲಿಲ್ಲ.

"ನಮ್ಮ ಕಡೆ ಹುಂಜಗಳು ವಿನಯವಂತರು," ಎಂದರು ಚಿಕ್ಕಪ್ಪ ಗಂಟಲು ಸರಿಮಾಡಿಕೊಂಡು. "ಬಾಲ ಎತ್ಕೊಂಡು ಮೆರೆಯೋದಿಲ್ಲ."

"ಹಾಗಾದರೆ ಈ ವಿನಯ ನನಗೆ ಸಾಲದು. ಹುಂಜದ ಜೊತೆ ಅದು ಬಂದ ಬೈಕೂ ಬೇಕು."

ಚಿಕ್ಕಪ್ಪ ಹಣೆ ಒತ್ತಿಕೊಂಡರು, ಅಳೆದು ಸುರಿದು ಒಪ್ಪಿದರು. ಲುಬೇಗ ಮುಖ ಬಾಡಿಸಿಕೊಳ್ಳಲು ತೊಡೆ ಚಿವುಟಿಕೊಳ್ಳಬೇಕಾಯಿತು. ಹೆಣ್ಣು ಸಿಕ್ಕಳು, ಬೈಕು ತೊಲಗಿತು! ಒಂದೇ ದಿನ ಇಷ್ಟು ಸುಖ ಒಬ್ಬನೇ ಮನುಷ್ಯನಿಗೆ ತಡೆದೀತೇ ಎಂದು ಅವನಿಗೆ ಭಯವೇ ಆಯಿತು.

ಊಟ ಮುಗಿಯಿತು. ಡೋಲು ಬಾರಿಸುತ್ತ ಹೆಂಗಸರು ಉಡುಗೊರೆ ತಂದರು. ಕೊನೆಗೆ ಕಿಗುಂಡು ಬಂದ. ಅವನ ಹಿಂದೆ ನಾಲ್ವರು ಕೆಂಪು ಪಟ್ಟಿ ಸುತ್ತಿದ ಬೈಕನ್ನು ತಳ್ಳಿಕೊಂಡು ಬಂದರು. ಹಸಿರು ದಾರ ಹೊಸದಾಗಿ, ಮೂರನೆಯ ಯಜಮಾನನ ಅದೇ ಗಂಟಿನಲ್ಲಿ ಬಿಗಿದಿತ್ತು.

"ನನ್ನ ತಂಗಿ ಗಂಡನ ಊರಲ್ಲಿ ಕಾಲ್ನಡಿಗೆಯಲ್ಲಿ ಓಡಾಡಬಾರದು," ಎಂದು ಅವನು ಸಭೆಗೆ ಹೇಳಿದ. ಜನ ಚಪ್ಪಾಳೆ ತಟ್ಟಿದರು. ನಲ್ವೋಗಳ ಕಣ್ಣು ಒದ್ದೆಯಾಯಿತು. ಆಮೇಲೆ ಅವನು ಬಗ್ಗಿ ಲುಬೇಗನ ಕಿವಿಯಲ್ಲಿ ಹೇಳಿದ: "ಭಾವ ಕೊಟ್ಟ ಉಡುಗೊರೆ ತಮ್ಮ. ಮಾರಿದೆ ಅಂತ ಗೊತ್ತಾದ್ರೆ ತಂಗೀನ ವಾಪಸ್ ಕರ್ಕೊಂಡು ಹೋಗ್ತೀನಿ."

ಮತ್ತೆ ತನ್ನ ಜೇಬಿನಿಂದ ಉಳಿದ ಆ ಒಂದು ಗರಿಯನ್ನು ತೆಗೆದು, ಮದುಮಗನಿಗೆ ಹೂ ಸಿಕ್ಕಿಸುವ ಕೋಟಿನ ತೂತಿಗೆ ಸಿಕ್ಕಿಸಿದ. ಅದೇ ಬೈಕಿನಲ್ಲಿ ಮನೆಗೆ ವಾಪಸು ಹೋಗುವ ದಾರಿ ಹದಿನೈದು ಕಿಲೋಮೀಟರ್ ಇತ್ತು.