ಮೀಸೆ ತೆಗೆದು ನೋಡಿದ ಹಡಗು

ಗಂಡಸಿಗೆ ಮೀಸೆ ಯಾಕೆ ಬೇಕು ಎಂದು ಮೊದಲು ಯಾರಾದರೂ ಕೇಳಿದ್ದರೆ, ಶೋಭೆಗೆ ಎಂದು ಹೇಳುತ್ತಿದ್ದೆ. ಈಗ ಕೇಳಿದರೆ, ಅವನ ಅಪ್ಪ ಬದುಕಿದ್ದಾನೆಂದು ಊರಿಗೆ ಗೊತ್ತಾಗಲಿಕ್ಕೆ ಎಂದು ಹೇಳುತ್ತೇನೆ. ನಮ್ಮ ಮನೆತನದಲ್ಲಿ ತಂದೆ ತೀರಿಕೊಂಡಾಗ ಮಗ ತಲೆ ಬೋಳಿಸಿ ಮೀಸೆ ತೆಗೆಸುತ್ತಾನೆ. ನನ್ನ ತಲೆಗೂದಲು ಯಾರ ಸಾವಿಗೂ ಕಾಯದೆ ಮದುವೆಯಾದ ಹೊಸದರಲ್ಲೇ ಹೊರಟುಹೋಗಿತ್ತು. ಉಳಿದಿದ್ದದ್ದು ಮೀಸೆಯೊಂದೇ. ದಪ್ಪನೆಯದು, ತುದಿಯಲ್ಲಿ ಸ್ವಲ್ಪ ತಿರುವು ಇದ್ದದ್ದು. ಅದನ್ನು ನಾನು ಸಮುದ್ರದ ನಡುವೆ, ಮುಳುಗಿದ ಹಡಗೊಂದನ್ನು ನೋಡುವ ಹುಚ್ಚಿಗೆ ಬಿದ್ದು, ಕೈಯಾರೆ ಬೋಳಿಸಿಕೊಂಡೆ. ನನ್ನಂಥ ಮೂರ್ಖನ ಕಥೆ ಕೇಳಲು ನಿಮಗೆ ಪುರುಸೊತ್ತಿದ್ದರೆ ಮುಂದೆ ಓದಿ.

ಹುಮನಾಬಾದಿನಲ್ಲಿ ಹೆದ್ದಾರಿಗೆ ಮುಖ ಮಾಡಿ ನನ್ನದೊಂದು ಪಂಪ್‌ಸೆಟ್ ಅಂಗಡಿ ಇದೆ. ನೀರಿನಿಂದಲೇ ಹೊಟ್ಟೆ ಹೊರೆದವನಾದರೂ ಮೊಣಕಾಲು ಮುಳುಗುವಷ್ಟು ನೀರಿಗೆ ನಾನು ಇಳಿದವನಲ್ಲ. ಈ ಸಲ ಪಂಪಿನ ಕಂಪನಿಯವರು ಚೆನ್ನಾಗಿ ಮಾಲು ಮಾರಿದ ಡೀಲರುಗಳನ್ನೆಲ್ಲ ಹೆಂಡತಿ ಸಮೇತ ಹಡಗಿನ ಪ್ರವಾಸಕ್ಕೆ ಕರೆದೊಯ್ದರು. ನಡುವೆ ಒಂದು ದಿನ ಯಾವುದೋ ದ್ವೀಪದ ಹತ್ತಿರ ಇಳಿಸಿ, ಎಂದೋ ಮುಳುಗಿದ ಸರಕಿನ ಹಡಗನ್ನು ನಾವು ನೀರಿನ ಮೇಲೆ ತೇಲುತ್ತ, ಮುಖ ಅದ್ದಿ ನೋಡುವ ಏರ್ಪಾಡು. ಇದನ್ನು ನಾನು ಅಂಗಡಿಗೆ ಬಂದವರಿಗೆಲ್ಲ ಹೇಳಿದೆ. ಪಕ್ಕದ ಹುಡಗಿ ಎಂಬ ಊರಿನ ರೈತರೊಬ್ಬರು ಸಾವಧಾನವಾಗಿ ಕೇಳಿಸಿಕೊಂಡು, "ಮುಳುಗಿದ್ದು ನೋಡಾಕ ಅಷ್ಟ ದೂರ ಯಾಕ್ರೀ? ನೀವು ಕೊಟ್ಟ ಮೋಟಾರು ನನ್ನ ಬೋರಿನಾಗ ಬಿದ್ದದ. ಅದನ್ನ ನೋಡಿ ಬರ್ರಿ" ಎಂದರು. ಅಪ್ಪ ಮಾತ್ರ ಹಿಗ್ಗಿಹೋಗಿದ್ದ. ಧಾನ್ಯದ ಮಾರುಕಟ್ಟೆಯಲ್ಲಿ ತನ್ನ ಹಳೆಯ ಗೆಳೆಯರನ್ನೆಲ್ಲ ಹುಡುಕಿಕೊಂಡು ಹೋಗಿ ಸುದ್ದಿ ಮುಟ್ಟಿಸಿ ಬಂದ. ಹೊರಡುವ ದಿನ ನನ್ನ ಕೈ ಹಿಡಿದುಕೊಂಡು, "ನಾ ಸಮುದ್ರಾನೂ ನೋಡಿಲ್ಲ, ಹಡಗಾನೂ ನೋಡಿಲ್ಲ. ನೀ ಎರಡೂ ಒಮ್ಮೆಗೇ ನೋಡಾಕ ಹೊಂಟಿ. ಛಂದಂಗ ನೋಡು. ಬಂದು ನಂಗ ಹೇಳು" ಎಂದ. ಆ ಮಾತಿಗಾಗಿಯೇ ನಾನು ಹಾಳಾದೆ.

ಹಿಂದಿನ ದಿನ ಹಡಗಿನ ಈಜುಕೊಳದಲ್ಲಿ ತಾಲೀಮು ಇತ್ತು. ಕಣ್ಣು, ಮೂಗು ಮುಚ್ಚುವ ಗಾಜಿನ ಮುಖವಾಡ, ಬಾಯಿಗೆ ಕೊಳವೆ, ಕಾಲಿಗೆ ಬಾತುಕೋಳಿಯ ಪಾದ. ನನ್ನ ಹೆಂಡತಿ ಸುಮಿತ್ರಾ ಬಸವಕಲ್ಯಾಣದವಳು; ಸೊಂಟಕ್ಕೆ ಸೋರೆಬುರುಡೆ ಕಟ್ಟಿಕೊಂಡು ತವರಿನ ಹೊಲದ ಬಾವಿಯಲ್ಲಿ ಈಜು ಕಲಿತವಳು. ಅವಳು ಚೂಡಿದಾರದ ಮೇಲೆಯೇ ಲೈಫ್ ಜಾಕೆಟ್ ಬಿಗಿದುಕೊಂಡು ಮೀನಿನ ಹಾಗೆ ಹೊರಟೇಹೋದಳು. ನಾನು ಮುಖ ಅದ್ದಿದೆನೋ ಇಲ್ಲವೋ, ಮೂಗಿನ ಕೆಳಗಿಂದ ನೀರು ನುಗ್ಗಿತು. ಕಲಿಸುವವನು ನನ್ನ ಮೀಸೆಗೆ ವ್ಯಾಸಲೀನ್ ಮೆತ್ತಿದ. ಮತ್ತೆ ನುಗ್ಗಿತು. ಕೊನೆಗೆ ಅವನು ಮೀಸೆಯ ಕಡೆ ಬೆರಳು ತೋರಿಸಿ, ಇದು ಇರುವತನಕ ಮುಖವಾಡ ಕೂರುವುದಿಲ್ಲ ಎಂದುಬಿಟ್ಟ.

ಕೋಣೆಗೆ ಬಂದು ರೇಜರ್ ತೆಗೆದಾಗ ಸುಮಿತ್ರಾ ಹೌಹಾರಿದಳು. "ಮನಿಯಾಗ ಮಾವಾರು ಗಟ್ಟಿಮುಟ್ಟಾಗಿ ಕುಂತಾರ. ನೀವು ಮೀಸಿ ತೆಗೀತೀರೇನ್ರೀ? ನಿಮ್ಮ ತಲಿ ನೆಟ್ಟಗದ ಇಲ್ಲೋ?"

"ಸಮುದ್ರದಾಗ ಯಾರು ನೋಡ್ತಾರ? ಊರು ಮುಟ್ಟೂದ್ರಾಗ ಚಿಗಿತದ ಬಿಡು," ಎಂದು ನಾನು ತೆಗೆದೇಬಿಟ್ಟೆ. ಕನ್ನಡಿಯಲ್ಲಿ ಕಂಡ ಮನುಷ್ಯ ನನಗೆ ಪರಿಚಯದವನಲ್ಲ. ಅವನನ್ನು ನೋಡಿ ನನಗೇ ಅಳು ಬಂತು.

ಮರುದಿನ ಹಡಗು ಮುಳುಗಿದ ಜಾಗಕ್ಕೆ ದೋಣಿಯಲ್ಲಿ ಕರೆದೊಯ್ದರು. ಮುಖವಾಡ ಈಗ ಹೊಸ ಪಾತ್ರೆಯ ಮುಚ್ಚಳದಂತೆ ಕೂತಿತು. ಒಂದು ಹನಿ ನೀರು ಒಳಗೆ ಬರಲಿಲ್ಲ. ಆದರೆ ಹಿಂದಿನ ದಿನ ಮೀಸೆಯ ರಗಳೆಯಲ್ಲಿ ಕಳಚಿಟ್ಟದ್ದೇ ಮರೆತಿದ್ದ ನನ್ನ ಕನ್ನಡಕ ಅದರೊಳಗೆ ಹಿಡಿಸುವುದಿಲ್ಲ ಎನ್ನುವುದು ನೀರಿಗಿಳಿಯುವ ಹೊತ್ತಿಗೆ ಹೊಳೆಯಿತು. ಕನ್ನಡಕವಿಲ್ಲದಿದ್ದರೆ ನಾನು ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ನಿಂತವರು ಗಂಡಸೋ ಹೆಂಗಸೋ ಹೇಳಲಾರೆ. ಮೀಸೆಯನ್ನೇ ಕೊಟ್ಟವನು ಹಿಂದೆ ಸರಿಯುವುದು ಹೇಗೆ? ಇಳಿದೆ. ಎಲ್ಲ ಕಡೆ ಹಸಿರು. ಆ ಹಸಿರಿನಲ್ಲಿ ಒಂದು ದೊಡ್ಡ ಕಪ್ಪು ಆಕಾರ ಕಂಡಿತು. ಅಪ್ಪನನ್ನು ನೆನೆಸಿಕೊಂಡು ಅದನ್ನೇ ಕಣ್ಣು ಮಿಟುಕಿಸದೆ ನೋಡಿದೆ. ಮೇಲೆ ಬಂದು ಹಡಗು ನೋಡಿದೆನೆಂದು ಸಂಭ್ರಮದಿಂದ ಹೇಳಿದಾಗ ಸುಮಿತ್ರಾ, "ಹಡಗಾ ಆ ಕಡೆ ಅದ್ರೀ. ನೀವು ಅಷ್ಟೊತ್ತು ನಮ್ಮ ದೋಣಿ ತಳಾ ನೋಡಾಕತ್ತಿದ್ರಿ" ಎಂದಳು. ಮತ್ತೆ ಇಳಿಯಿರಿ ಎಂದು ಕಲಿಸುವವನು ಒತ್ತಾಯ ಮಾಡಿದ. ನನ್ನಲ್ಲಿ ಜೀವವೇ ಉಳಿದಿರಲಿಲ್ಲ. ದಂಡೆಗೆ ಮರಳಿದ ಮೇಲೂ ಅವನು ಬಿಡದಿದ್ದಾಗ ಎರಡೂ ಕೈ ಮುಗಿದು, ಸಾಕಪ್ಪ ಎಂದೆ. ಯಾರೋ ಆಗಲೇ ಫೋಟೊ ಹೊಡೆದರು.

ಆ ಫೋಟೊ ಹೇಗಿತ್ತೆಂದರೆ: ಹಿಂದೆ ಸಮುದ್ರ, ಹೆಗಲ ಮೇಲೆ ಒದ್ದೆ ಟವೆಲು, ಬೋಳು ತಲೆ, ಬೋಳು ಮೂತಿ, ಮಿಟುಕಿಸದೆ ನೋಡಿ ಕೆಂಪಾದ ಕಣ್ಣು, ಮುಗಿದ ಕೈ. ಹಡಗು ಕಂಡ ಖುಷಿಯಲ್ಲಿದ್ದ ಸುಮಿತ್ರಾ ನೋಡದೆ ಮಾಡದೆ ಎಲ್ಲ ಫೋಟೊಗಳನ್ನು ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿದಳು. ನಾವು ಹಡಗು ಹತ್ತಿದೆವು, ಫೋನಿನ ಸಿಗ್ನಲ್ ಹೋಯಿತು.

ಫೋಟೊ ಮೊದಲು ನೋಡಿದವನು ಬಸವಕಲ್ಯಾಣದಲ್ಲಿರುವ ಅವಳ ಅಣ್ಣ. ಅವನಿಗೆ ಎಲ್ಲ ಅರ್ಥವಾಗಿಹೋಯಿತು. ನನ್ನ ಅಪ್ಪ ತೀರಿಕೊಂಡಿದ್ದಾನೆ, ನನಗೆ ಬರಲಾಗದೆ ಸಮುದ್ರದ ದಂಡೆಯಲ್ಲೇ ಮೀಸೆ ತೆಗೆಸಿ ಸ್ನಾನ ಮುಗಿಸಿದ್ದೇನೆ. ಅವನು ಮುಡಬಿಯಲ್ಲಿರುವ ನನ್ನ ಅಕ್ಕನಿಗೆ ಹೇಳಿದ. ಒಂದು ಫೋನು ಮಾಡಿ ಕೇಳಬಾರದಿತ್ತೇ ಎಂದು ನೀವು ಅನ್ನಬಹುದು. ಸತ್ತ ಮನೆಗೆ ಫೋನು ಮಾಡಿ, ನಿಜವಾಗಿಯೂ ಸತ್ತರೇನು ಎಂದು ಕೇಳುವ ಪದ್ಧತಿ ನಮ್ಮಲ್ಲಿಲ್ಲ. ಎದ್ದು ಹೊರಡುವುದಷ್ಟೇ.

ಅಪ್ಪ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದನಂತೆ. ಅಕ್ಕ ಆಟೋದಿಂದ ಎದೆ ಬಡಿದುಕೊಳ್ಳುತ್ತ ಇಳಿದಳು. "ಯಾರು ಹೋದ್ರವ್ವಾ?" ಎಂದು ಅಪ್ಪನೇ ಎದ್ದು ಕೇಳಿದ. ಅವನನ್ನು ಕಂಡು ಅಕ್ಕ ಬಡಿದುಕೊಳ್ಳುತ್ತಿದ್ದ ಕೈಯನ್ನು ಎದೆಯ ಮೇಲೆಯೇ ನಿಲ್ಲಿಸಿದಳು. ಹಿಂದೆಯೇ ಹಾರ ಹಿಡಿದು ಬಂದ ಸುಮಿತ್ರಾಳ ಅಣ್ಣ, ಅವನ ಜೊತೆಯವರು, ಎಲ್ಲ ಸುಮ್ಮನೆ ನಿಂತರು. ನೀನೇ ಸತ್ತಿದ್ದೀಯ ಎಂದು ಮುಖಕ್ಕೆ ಯಾರು ಹೇಳಬೇಕು? ಅಪ್ಪ ಒಬ್ಬೊಬ್ಬರ ಮುಖ ನೋಡಿದ. ಅಲ್ಲಿ ಇಲ್ಲದವರು ನಾವಿಬ್ಬರೇ. "ನನ್ನ ಮಗ ಸೊಸಿ ನೀರಾಗ ಹೋದ್ರೇನ್ರೋ?" ಎಂದು ನೆಲಕ್ಕೆ ಕುಸಿದು ಅಳತೊಡಗಿದನಂತೆ. ಇದನ್ನು ಅಕ್ಕ ಹೇಳಿದಾಗ ನನಗೆ ಎಲ್ಲಿಯಾದರೂ ಹೋಗಿ ಮುಳುಗಬೇಕೆನಿಸಿತು.

ಸುಮಿತ್ರಾಳ ಅಣ್ಣ ಗಾಬರಿಯಾಗಿ, "ಜೀವಂತ ಅದಾರ್ರೀ ಮಾವಾ! ನೋಡ್ರಿ ಇಲ್ಲಿ!" ಎಂದು ಫೋನು ಹಿಡಿದ. ಅಪ್ಪ ಕಣ್ಣೊರೆಸಿಕೊಂಡು ನೋಡಿದ. ಮಗ ಬದುಕಿದ್ದ. ಆದರೆ ಮೀಸೆ ಇರಲಿಲ್ಲ.

ನಾವು ಊರಿಗೆ ಬಂದ ಮೇಲೆ ಅಪ್ಪ ನನ್ನೊಂದಿಗೆ ಮಾತು ಬಿಟ್ಟ. ಅವನು ಸತ್ತ ಸುದ್ದಿ ಮಾರುಕಟ್ಟೆಗೂ ಮುಟ್ಟಿತ್ತು; ಜನ ದೆವ್ವ ಕಂಡವರ ಹಾಗೆ ನೋಡುತ್ತಾರೆಂದು ಅಲ್ಲಿಗೂ ಹೋಗಲಿಲ್ಲ. ನಾನು ದಿನವೂ ಕನ್ನಡಿಯ ಮುಂದೆ ನಿಂತು ಮೂಗಿನ ಕೆಳಗೆ ಸವರಿಕೊಳ್ಳುತ್ತಿದ್ದೆ. ಸುಮ್ಮನಿದ್ದ ಗಡ್ಡ ಭರಭರ ಬೆಳೆಯುತ್ತಿತ್ತು. ಬೇಕಾದ ಮೀಸೆ ಮುನಿಸಿಕೊಂಡಿತ್ತು. ಅಂತೂ ಅದು ಕಪ್ಪಗೆ ಕಾಣುವಷ್ಟಾದ ಮೇಲೆ ಒಂದು ಸಂಜೆ ಅಪ್ಪ ಕಟ್ಟೆಯ ಮೇಲಿಂದ ಎಲ್ಲೋ ನೋಡುತ್ತ ಕೇಳಿದ: "ಹಡಗಾ ಹ್ಯಾಂಗಿತ್ತು?"

ಸುಮಿತ್ರಾ ಕಂಡದ್ದನ್ನೇ ನನ್ನದೆಂದು ಹೇಳಿಬಿಡೋಣ ಎನಿಸಿತು. ಅಪ್ಪನ ಮುಖ ನೋಡಿ ಸುಳ್ಳು ಹೇಳಲಾಗಲಿಲ್ಲ. "ಕನ್ನಡಕ ಇರ್ಲಿಲ್ಲಪ್ಪಾ. ನಾ ನಮ್ಮ ದೋಣಿ ತಳಾ ನೋಡಿ ಬಂದೀನಿ."

ಅಪ್ಪ ನನ್ನ ಕಡೆ ತಿರುಗಿದ. "ಹಂಗಾರ, ನಾ ಸತ್ತದ್ದೂ ದಂಡಾತಲ್ಲೋ!" ಎಂದ. ಆಮೇಲೆ ಒಳಗೆ ಮುಖ ಮಾಡಿ, "ಸುಮಿತ್ರಾ, ನೀ ಬಂದು ಹೇಳವ್ವಾ" ಎಂದು ಕೂಗಿದ. ಅವಳು ಸೆರಗಿಗೆ ಕೈ ಒರೆಸುತ್ತ ಬಂದು ಹೊಸ್ತಿಲಲ್ಲಿ ಕೂತು, ತುಕ್ಕು ಹಿಡಿದ ಬಾಗಿಲುಗಳನ್ನೂ ಅವುಗಳ ಒಳಗೆ ಹೊರಗೆ ಓಡಾಡುವ ಹಳದಿ ಮೀನುಗಳನ್ನೂ ಬಣ್ಣಿಸತೊಡಗಿದಳು. ಕೆಳಗಿನ ಮೆಟ್ಟಿಲಲ್ಲಿ ಅಪ್ಪನ ಕಾಲ ಬಳಿ ಕೂತು, ನಾನು ಹೋಗಿ ನೋಡಿ ಬಂದ ಹಡಗು ಹೇಗಿತ್ತೆಂದು ನಾನೂ ಕೇಳಿಸಿಕೊಂಡೆ.