ಮಾವನ ಗುಟ್ಟು, ಶಾಲೆಯ ರಟ್ಟು

ನನ್ನ ಸೋದರಮಾವನಿಂದ ಗಂಟೆ ಎಷ್ಟೆಂದು ಕೇಳಿ ತಿಳಿದುಕೊಂಡವರು ನರಗುಂದದಲ್ಲಿ ಯಾರಾದರೂ ಇದ್ದರೆ ಅವರಿಗೊಂದು ಶಾಲು ಹೊದಿಸಬೇಕು! ಕೈಯಲ್ಲಿ ಗಡಿಯಾರವಿರುತ್ತದೆ. ಕೇಳಿದರೆ ಮಾತ್ರ ಅಂಗಿಯ ತೋಳನ್ನು ಕೆಳಗೆಳೆದುಕೊಂಡು, "ಯಾಕ? ನಿನ್ನ ಯಾರು ಕಳ್ಸ್ಯಾರ?" ಎನ್ನುತ್ತಾರೆ.

ಮಾವ ಕಾಳಿನ ವ್ಯಾಪಾರಿ. ಕಡಲೆ ಯಾವ ಊರಿನಿಂದ ಬಂತೆಂದು ಹೇಳುವುದಿಲ್ಲ, ಇರಲಿ, ಅದು ವ್ಯಾಪಾರ. ಆದರೆ ಮಧ್ಯಾಹ್ನ ಯಾವ ಪಲ್ಯ ತಿಂದಿರಿ ಎಂದರೂ ಹೇಳಬಾರದೇ? ಒಮ್ಮೆ ದವಾಖಾನೆಯಲ್ಲಿ ಡಾಕ್ಟರು ಎಲ್ಲಿ ನೋವು ಎಂದು ಕೇಳಿದ್ದಕ್ಕೆ, "ಅದನ್ನ ನೀವ ಹುಡುಕ್ರಿ. ಕಲ್ತಾವ್ರು ನೀವೋ ನಾನೋ?" ಎಂದರಂತೆ!

ಇಂಥವರು ಮೊಮ್ಮಗಳನ್ನು ಶಾಲೆಗೆ ಸೇರಿಸುವಾಗ ಒಂದು ಗುಟ್ಟನ್ನು ಹೇಳಲೇಬೇಕಾಯಿತು. ಹುಡುಗಿಗೆ ಆಗೀಗ ಮೂರ್ಛೆ ಬರುತ್ತದೆ. ಬಂದಾಗ ಏನು ಮಾಡಬೇಕೆಂದು ಡಾಕ್ಟರು ಬರೆದ ಚೀಟಿಯನ್ನು ಲಕೋಟೆಗೆ ಹಾಕಿ, ಅರಗು ಒತ್ತಿ ಕೊಟ್ಟರು. ಅರಗು ನೋಡಿ ನಾನೂ ನಕ್ಕಿದ್ದೆ. ಹೆಡ್‌ಮಾಸ್ತರರು, "ನಮ್ಮ ಕಪಾಟಿನ್ಯಾಗ ಭದ್ರ ಇರ್ತೈತ್ರಿ" ಎಂದಿದ್ದರು.

ಹುಡುಗಿ ಏಳನೇ ತರಗತಿಗೆ ಬಂದಳು. ಒಂದು ಮಧ್ಯಾಹ್ನ ಪಾಲಕರ ವಾಟ್ಸಾಪ್ ಗುಂಪಿಗೆ ಶಾಲೆಯಿಂದ ಒಂದು ಪಟ್ಟಿ ಬಂತು. ಕೆಳಗೆ "ತಪ್ಪಿದ್ದರೆ ತಿಳಿಸಿರಿ" ಎಂಬ ಒಕ್ಕಣೆ ಬೇರೆ! ತರಗತಿಯ ಅಷ್ಟೂ ಮಕ್ಕಳ ಜಾತಿ, ಆಧಾರ್ ನಂಬರು, ಯಾರ ಅಪ್ಪ ಮನೆ ಬಿಟ್ಟಿದ್ದಾನೆ, ಯಾರಿಗೆ ಯಾವ ಕಾಯಿಲೆ, ಎಲ್ಲವೂ ಅದರಲ್ಲಿತ್ತು. ಗುಂಪಿನಲ್ಲಿ ಪಾಲಕರಷ್ಟೇ ಇದ್ದರೇ? ಟ್ಯೂಷನ್ ಹೇಳುವವರು, ವಿಮೆ ಏಜೆಂಟರು, ಸಮವಸ್ತ್ರ ಹೊಲಿಯುವವರೂ ಇದ್ದರು! ಹುಡುಗಿ ಮನೆ ಮುಟ್ಟುವ ಮೊದಲೇ ಅವಳ ಮೂರ್ಛೆಯ ಸುದ್ದಿ ರೋಣ ದಾಟಿ ಗಜೇಂದ್ರಗಡ ಮುಟ್ಟಿತ್ತು. ಅಲ್ಲಿಂದ ದೂರದ ಸಂಬಂಧಿಯೊಬ್ಬಳು ಫೋನ್ ಮಾಡಿ, "ಪಾಪ, ಮುಂದ ಲಗ್ನ ಹ್ಯಾಂಗ?" ಎಂದು ಅತ್ತಳು. ಹನ್ನೆರಡು ವರ್ಷದವಳ ಲಗ್ನಕ್ಕೆ ಈಗಲೇ ಅಳು!

ಮರುದಿನ ಅವಳ ಪಕ್ಕ ಯಾರೂ ಕೂರಲಿಲ್ಲ. ಮೂರನೆಯ ದಿನ ಅವಳು, "ನಾ ಸಾಲಿಗಿ ಹೋಗಂಗಿಲ್ಲ" ಎಂದು ಕೋಣೆ ಸೇರಿ ಬಾಗಿಲು ಹಾಕಿಕೊಂಡಳು. (ಅವಳ ಹೆಸರು ಬರೆಯುವುದಿಲ್ಲ. ಶಾಲೆಯವರು ಬರೆದದ್ದೇ ಸಾಕು! ಇಷ್ಟನ್ನೂ ಅಜ್ಜ, ಮೊಮ್ಮಗಳು ಇಬ್ಬರನ್ನೂ ಕೇಳಿಯೇ ಬರೆಯುತ್ತಿದ್ದೇನೆ.)

ಮಾವ ನನ್ನನ್ನು ಕರೆದುಕೊಂಡು ಶಾಲೆಗೆ ನುಗ್ಗಿದರು. ಆ ಭದ್ರವಾದ ಕಪಾಟಿಗೆ ಬೀಗವೇ ಇರಲಿಲ್ಲ, ಬಾಗಿಲನ್ನು ಸುತಳಿಯಿಂದ ಕಟ್ಟಿದ್ದರು. ಅರಗು ಒಡೆದ ನಮ್ಮ ಲಕೋಟೆಯ ಮೇಲೆ ಚಹಾದ ಲೋಟದ ಗುಂಡನೆಯ ಕಲೆ! ನನಗೆ ಮೈಯೆಲ್ಲ ಉರಿಯಿತು.

"ಕಾರಕೂನನ ಕೈತಪ್ಪಿ ಹೋಗೇತ್ರಿ, ಆಮ್ಯಾಲೆ ಅಳಿಸೀವಲ್ರಿ," ಎಂದರು ಹೆಡ್‌ಮಾಸ್ತರರು. "ಅದ್ರಾಗ ಮುಚ್ಚಿಡೂದೇನೈತ್ರಿ ಸಾವ್ಕಾರ್ರ?"

"ಏನೂ ಇಲ್ಲೇನ್ರಿ? ಹಂಗಾರ ನಿಮಗ ಶುಗರ್ ಎಷ್ಟೈತಿ, ಮೂಲವ್ಯಾಧಿ ಐತೋ ಇಲ್ಲೋ, ಮೆಟ್ರಿಕ್ಕಿನ್ಯಾಗ ಎಷ್ಟ ಸಲ ನಪಾಸಾದ್ರಿ, ಎಲ್ಲಾ ಬರದು ಗುಂಪಿಗೆ ಹಾಕ್ರಿ. ಆಮ್ಯಾಲೆ ಅಳಸೂಣಂತ!"

"ಅದು ನನ್ನ ಖಾಸಗಿ..."

"ಹನ್ನೆರಡ ವರ್ಷದ ಕೂಸಿಗಿ ಖಾಸಗಿ ಅನ್ನೂದ ಇರಂಗಿಲ್ಲೇನ್ರಿ?" ಮಾವ ಗುದ್ದಿದ ಗುದ್ದಿಗೆ ಮೇಜಿನ ಮೇಲಿನ ಕರೆಗಂಟೆ ತಾನೇ ಠಣ್ಣೆಂದಿತು. ಕರೆದರೆಂದುಕೊಂಡು ಶಾಲೆಯ ಸಿಪಾಯಿ ಓಡಿಬಂದ!

ಹೆಡ್‌ಮಾಸ್ತರರು ಕ್ಷಮೆ ಕೇಳಿ ಪತ್ರ ಬರೆದುಕೊಟ್ಟರು. ಕಪಾಟಿಗೆ ಬೀಗವೂ ಬಂತು. ಊರ ಬಾಯಿಗೆ ಬೀಗ ಎಲ್ಲಿಂದ ತರುವುದು? ಹುಡುಗಿ ಕೋಣೆ ಬಿಟ್ಟು ಹೊರಗೆ ಬರಲಿಲ್ಲ.

ಅಂದು ಸಂಜೆ ಮಾವ ಅವಳ ಬಾಗಿಲ ಮುಂದೆ ನೆಲದ ಮೇಲೆ ಕುಳಿತರು. ನಾನು ಅಲ್ಲೇ ಇದ್ದೆ.

"ಯವ್ವಾ, ನಿಮ್ಮ ಅಜ್ಜಿಗೂ ಗೊತ್ತಿಲ್ಲದ್ದೊಂದು ಹೇಳ್ತೀನಿ ಕೇಳು. ಸಣ್ಣಾಂವ ಇದ್ದಾಗ ನನಗೂ ಮೂರ್ಛೆ ಬರ್ತಿತ್ತು. ಸಾಲ್ಯಾಗ ಎಲ್ಲಾರ ಮುಂದ ಬಿದ್ದೆ. ನಕ್ಕರು. ಮತ್ತ ನಾ ಸಾಲಿ ಮೆಟ್ಟಿಲಾ ಹತ್ತಲಿಲ್ಲ. ಅವತ್ತಿನಿಂದ ಯಾರಿಗೂ ಏನೂ ಹೇಳಾಕ ಹೆದರಿಕಿ ನನಗ."

ಬಾಗಿಲು ತೆರೆಯಿತು.

"ಭಾಳ ಪೆಟ್ಟಾಗಿತ್ತೇನಜ್ಜಾ?"

ಮಾವ ಟೋಪಿ ತೆಗೆದು, ಅವಳ ಬೆರಳು ಹಿಡಿದು ನೆತ್ತಿಯ ಹಳೆಯ ಗಾಯದ ಮೇಲಿಟ್ಟರು. ಅವಳು ಬಹಳ ಹೊತ್ತು ಬೆರಳನ್ನು ತೆಗೆಯಲಿಲ್ಲ. ಸೋಮವಾರ ಇಬ್ಬರೂ ಕೈ ಹಿಡಿದುಕೊಂಡು ಶಾಲೆಗೆ ನಡೆದರು.